ಮೂರತ್ತು, ಮೂರೊತ್ತು

ಗುರುವಾರ ಬೆಳಿಗ್ಗೆ ಅಕ್ಕನ ಫೋನು ಬಂತು. "ಉಚ್ಚೆ ಟೀ ಡಿಕಾಕ್ಷನ್ ಬಣ್ಣಕ್ಕೆ ಓಯ್ತಾ ಅದೆ ಕಣ್ಲಾ. ಕಾಲು ಎತ್ತಕಾಯ್ತಾ ಇಲ್ಲ."

ಅಕ್ಕ ಮಾದೇವಮ್ಮ ಪಣಕಹಳ್ಳಿಯಲ್ಲಿ ಒಬ್ಬಳೇ ಇರುತ್ತಾಳೆ. ಭಾವ ತೀರಿಹೋದ ಮೇಲೆ ತರಕಾರಿ ಹೊಲಗಳಲ್ಲಿ ಕೂಲಿ ಮಾಡುತ್ತಾಳೆ. ನಾನು ತಾಳವಾಡಿಯಲ್ಲಿ ಒಂದು ಸಣ್ಣ ಜಿಮ್ ನಡೆಸುತ್ತೇನೆ. ಬೈಕಿನಲ್ಲಿ ಹೋಗಿ ನೋಡಿದರೆ ಅವಳ ತೊಡೆಗಳು ಊದಿ ಕಲ್ಲಾಗಿದ್ದವು. ಬಾಡಿಗೆ ಕಾರಿನಲ್ಲಿ ಚಾಮರಾಜನಗರದ ಆಸ್ಪತ್ರೆಗೆ ಓಡಿದೆವು.

ಬ್ಲಡ್ ರಿಪೋರ್ಟ್ ನೋಡಿ ಡಾಕ್ಟರು ತಲೆ ಎತ್ತಿದರು. "ತೊಡೆಯ ಸ್ನಾಯು ಒಡೆದು ರಕ್ತಕ್ಕೆ ಸೇರಿದೆ. ಕಿಡ್ನಿಗೆ ಪೆಟ್ಟಾಗಿದೆ. ಎರಡು ದಿನ ಡ್ರಿಪ್ ಹಾಕಿ ನೋಡೋಣ, ಕ್ರಿಯಾಟಿನಿನ್ ಇಳೀದಿದ್ರೆ ಡಯಾಲಿಸಿಸ್. ಇಷ್ಟು ಆಗೋ ಹಾಗೆ ಏನು ಮಾಡಿಸಿದ್ರಿ ಇವರ ಕೈಲಿ?"

ಮಾಡಿಸಿದ್ದು ನಾನು.

ಹಿಂದಿನ ಭಾನುವಾರ ಅವಳೇ ಕೇಳಿದ್ದಳು, ಮಂಡಿಗೆ ಬಲ ಬರಲು ಏನಾದರೂ ಹೇಳೋ ಎಂದು. ಜಿಮ್ಮಿಗೆ ಯಾರೇ ಬರಲಿ, ನಾನು ಮೊದಲು ನಿನಗೇನು ಬೇಕು ಎಂದು ಕೇಳುತ್ತೇನೆ. ಬಲ ಬೇಕಾದವನಿಗೆ ಹೆಚ್ಚು ಭಾರ, ಐದಾರು ಸಲ. ಮೈ ತುಂಬಬೇಕಾದವನಿಗೆ ಹತ್ತು ಹನ್ನೆರಡು. ದಮ್ಮು ಬೇಕಾದವನಿಗೆ ಹಗುರ ಭಾರ, ಇಪ್ಪತ್ತು. ಪೊಲೀಸ್ ಸೆಲೆಕ್ಷನ್ನಿಗೆ ಬರುವವರಿಗಂತೂ ಪಕ್ಕದಲ್ಲೇ ನಿಂತು ಎಣಿಸುತ್ತೇನೆ. ನನ್ನನ್ನು ಸಾಕಿ ಬೆಳೆಸಿದ ಅಕ್ಕನಿಗೆ ಮಾತ್ರ ಒಂದು ಪ್ರಶ್ನೆಯನ್ನೂ ಕೇಳಲಿಲ್ಲ. ಕೆಲಸದ ನಡುವೆ ಫೋನಿನಲ್ಲೇ ಅಂದೆ: "ರಾಗಿಹಿಟ್ಟಿನ ಚೀಲ ತಬ್ಕೊಂಡು ಕೂತು ಎದ್ದು ಮಾಡಕ್ಕ. ಮೂರತ್ತು, ಸಾಕು."

ನಾನಂದದ್ದು ಮೂರು ಹತ್ತು: ಹತ್ತರಂತೆ ಮೂರು ಸಲ, ನಡುವೆ ದಣಿವಾರಿಸಿಕೊಂಡು. ವಾರಕ್ಕೆ ಎರಡೇ ದಿನ ಎಂದು ಹೇಳುವುದನ್ನೂ ಮರೆತೆ.

ನಮ್ಮ ಕಡೆ ಬಾಯಲ್ಲಿ 'ಹ' ನಿಲ್ಲುವುದಿಲ್ಲ. ಹತ್ತು ಅತ್ತಾಗುತ್ತದೆ, ಹೊತ್ತು ಒತ್ತಾಗುತ್ತದೆ. ಅಕ್ಕನಿಗೆ ಕೇಳಿಸಿದ್ದು ಮೂರೊತ್ತು. ಬೆಳಿಗ್ಗೆ, ಮಧ್ಯಾಹ್ನ, ಸಂಜೆ. ಸೋಮವಾರದಿಂದ ಬುಧವಾರದವರೆಗೆ, ಬಿಸಿಲಲ್ಲಿ ಕೂಲಿ ಮಾಡಿಕೊಂಡು, ಸರಿಯಾಗಿ ನೀರೂ ಕುಡಿಯದೆ.

"ಒಂದೊಂದು ಒತ್ತಿಗೆ ಎಷ್ಟು ಮಾಡ್ದೆ ಅಕ್ಕ?"

"ಕಾಲು ನಡುಗೋಗಂಟ. ನೀನು ಆ ಉಡುಗರ್ಗೆ ಅಂಗೇ ತಾನೆ ಕೂಗೋದು, ಇನ್ನೊಂದು ಇನ್ನೊಂದು ಅಂತ."

ನೆಂಟರು ನೋಡಲು ಬಂದಾಗಲೆಲ್ಲ ಈ ಅತ್ತು ಒತ್ತಿನ ಕಥೆಯನ್ನೇ ಹೇಳಿದೆ. ಅಯ್ಯೋ ಪಾಪ, ಕೇಳಿಸಿಕೊಳ್ಳುವಾಗ ಆದ ಎಡವಟ್ಟು ಎಂದರು. ನಾನೂ ಹೂಂ ಎಂದೆ.

ಮಾರನೆಯ ದಿನ ಡಾಕ್ಟರು ಅಕ್ಕನನ್ನು ಕೇಳಿದರು: "ನೋವು ಶುರುವಾದಾಗಲೇ ಯಾರಿಗಾದ್ರೂ ಹೇಳಬಾರದಿತ್ತೇನಮ್ಮ?"

ಅಕ್ಕ ನನ್ನ ಕಡೆ ನೋಡಿದಳು. "ಇಲ್ಲ ಸಾ. ಯಾರ್ಗೂ ಏಳ್ನಿಲ್ಲ."

ಹೇಳಿದ್ದಳು. ನನಗೇ ಹೇಳಿದ್ದಳು.

ಮಂಗಳವಾರ ಫೋನ್ ಮಾಡಿ, ತೊಡೆ ಮುಟ್ಟಕಾಯ್ತಾ ಇಲ್ಲ ಕಣ್ಲಾ ಎಂದಿದ್ದಳು. ನಾನು ನಕ್ಕಿದ್ದೆ. "ನೋವಾದ್ರೆ ಒಳ್ಳೇದು ಕಣಕ್ಕ, ಮೈಗೆ ಕೆಲ್ಸ ಇಡೀತಾ ಅದೆ ಅಂತ. ಬುಡ್ಬೇಡ, ಮಾಡು." ಅವಳು ಬಿಡಲಿಲ್ಲ. ಮಾತು ತಪ್ಪಾಗಿ ಕೇಳಿಸಿದ್ದು ಯಾರ ತಪ್ಪೂ ಅಲ್ಲ ಎನ್ನಬಹುದು. ಆ ನಗು ನನ್ನದು.

ಆ ಎರಡು ದಿನ ನಾನು ನೋಡುತ್ತಿದ್ದದ್ದು ಮಂಚಕ್ಕೆ ತೂಗುಹಾಕಿದ್ದ ಯೂರಿನ್ ಬ್ಯಾಗನ್ನು. ಕಪ್ಪು. ಕಂದು. ಮತ್ತೆ ಕಂದು. ಡಯಾಲಿಸಿಸ್ ಕೊಠಡಿ ಅದೇ ಮಹಡಿಯಲ್ಲಿತ್ತು, ಆ ಕಡೆ ಕಾಲು ಹೋಗುತ್ತಿರಲಿಲ್ಲ. ಶನಿವಾರ ಮಧ್ಯಾಹ್ನ ಬಣ್ಣ ತಿಳಿಯಾಯಿತು, ಕ್ರಿಯಾಟಿನಿನ್ ಇಳಿಯತೊಡಗಿತು. ಡಾಕ್ಟರು "ಬಚಾವ್" ಎಂದರು.

ತಿಂಗಳ ಬಳಿಕ ಚೆಕಪ್ಪಿಗೆ ಹೋದಾಗ ತಡೆಯಲಾಗಲಿಲ್ಲ. "ಸರ್, ಅಕ್ಕ ನನಗೆ ಹೇಳಿದ್ಲು. ನಾನೇ ನಕ್ಕು, ಬಿಡಬೇಡ ಅಂದೆ." ಡಾಕ್ಟರು ಪೆನ್ನು ಕೆಳಗಿಟ್ಟು ನನ್ನನ್ನೇ ನೋಡಿದರು. ಬೈದಿದ್ದರೆ ಚೆನ್ನಾಗಿತ್ತು.

ಹೊರಗೆ ಬಂದ ಮೇಲೆ ಬೈದದ್ದು ಅಕ್ಕ. "ಯಾಕ್ಲಾ ಏಳ್ದೆ? ನಾಕು ಜನಕ್ಕೆ ಗೊತ್ತಾದ್ರೆ ನಿನ್ ಜಿಮ್ಮಿಗೆ ಯಾರ್ಲಾ ಬಂದಾರು?" ಅವಳು ಸುಳ್ಳು ಹೇಳಿದ್ದು ಅದಕ್ಕೆ.

ಈಗ ಡಾಕ್ಟರು ಒಪ್ಪಿದ ಮೇಲೆ, ವಾರಕ್ಕೆ ಎರಡು ದಿನ ನಾನೇ ಪಣಕಹಳ್ಳಿಗೆ ಹೋಗುತ್ತೇನೆ. ಮೊದಲ ದಿನ, ತಡವಾಗಿಯಾದರೂ, ಕೇಳಿದೆ. "ನಿಂಗೇನು ಬೇಕಕ್ಕ?"

"ಕಳೆ ಕೀಳೋವಾಗ ನೆಲಕ್ಕೆ ಕೈ ಊರ್ದೆ ಎದ್ರೆ ಸಾಕು ಕಣ್ಲಾ."

ಅಷ್ಟಕ್ಕೆ ಚೀಲ ಬೇಕಿರಲಿಲ್ಲ. ಒಂದು ಕುರ್ಚಿ, ಹತ್ತು ಸಲ ಸಾಕಿತ್ತು.

ಅವಳು ಕುರ್ಚಿಯಿಂದ ಎದ್ದಳು, ಕೂತಳು. ನಾನು ಎಣಿಸುತ್ತಾ ಹೋದೆ. ಏಳರ ಹೊತ್ತಿಗೆ ಅವಳ ತೊಡೆ ಸಣ್ಣಗೆ ನಡುಗಿತು. ನೋವಾ ಎಂದು ಕೇಳಿದೆ. ಇಲ್ಲ ಎಂದಳು. ಎಂಟಕ್ಕೂ ಕೇಳಿದೆ, ಒಂಬತ್ತಕ್ಕೂ ಕೇಳಿದೆ. ಆಮೇಲೆ ನನಗೆ ಅಳು ಬಂತು, ಎಣಿಕೆ ನಿಂತಿತು, ಕಣ್ಣು ಒರೆಸಿಕೊಂಡೆ. ಅವಳೇ ಇನ್ನೊಂದು ಸಲ ಎದ್ದು ನಿಂತಳು, ಕೈ ಊರದೆ.

"ಅತ್ತಾಯ್ತಲ್ಲ," ಎಂದಳು. "ಸಾಕು ಬುಡ್ಲಾ."

ಎಣಿಕೆಗೆ ಅಂದಳೋ ನನಗೆ ಅಂದಳೋ, ನಾನು ಕೇಳಲಿಲ್ಲ.