ತಡವಾಗಿ ತಲುಪಿದ ಸಿಟ್ಟು

ಸಾಂಗಲಿಯ ನಮ್ಮ ಮನೆಯ ಟಿ.ವಿ.ಗೆ ಎರಡು ರಿಮೋಟುಗಳು: ಒಂದು ಕಂಪನಿಯವರು ಕೊಟ್ಟದ್ದು, ಇನ್ನೊಂದು ನಮ್ಮ ಮಾವನವರ ಚಪ್ಪಲಿ. ಮೆಟ್ಟಿಲ ಮೇಲೆ ಆ ಚಪ್ಪಲಿಯ ಸಪ್ಪಳ ಕೇಳಿದ್ದೇ ತಡ, ಯಾರದಾದರೂ ಕೈ ತಾನಾಗಿ ಧ್ವನಿ ತಗ್ಗಿಸುತ್ತದೆ, ಮಾತು ಪಿಸುಮಾತಾಗುತ್ತದೆ, ನಗು ಸೆರಗಿನೊಳಗೆ ಸೇರಿಕೊಳ್ಳುತ್ತದೆ. ಇಷ್ಟು ಕೇಳಿ ನೀವು ಅವರನ್ನು ಮಹಾ ಮುಂಗೋಪಿಯೆಂದು ಭಾವಿಸಬೇಡಿ. ಅರಿಶಿನದ ವ್ಯಾಪಾರವನ್ನು ಮಕ್ಕಳಿಗೆ ವಹಿಸಿ, ಸಂಜೆ ಕೃಷ್ಣೆಯ ದಂಡೆಯವರೆಗೆ ನಡೆದು ಬರುವ ಈ ಸಾಧು ಜೀವ ದನಿಯೇರಿಸಿದ್ದನ್ನು, ಸೊಸೆಯಾಗಿ ಬಂದ ಇಷ್ಟು ವರ್ಷಗಳಲ್ಲಿ ನಾನು ಒಮ್ಮೆಯೂ ಕೇಳಿಲ್ಲ.

ಮತ್ತೇಕೆ ಈ ಭಯ? ಮಿರಜಿನ ಶಾಲೆಯೊಂದರಲ್ಲಿ ವಿಜ್ಞಾನ ಕಲಿಸುವ ನನಗೆ ಉತ್ತರ ಸಿಕ್ಕಿದ್ದು ಆಕಾಶದಲ್ಲಿ. ನಮ್ಮ ಆಕಾಶಗಂಗೆಯ ನಡುಮನೆಯಲ್ಲಿ ಕೂತಿರುವ ಬೃಹತ್ ಕಪ್ಪುಕುಳಿ ಈಗ ಬಹುಮಟ್ಟಿಗೆ ಶಾಂತ. ಆದರೆ ಆಸುಪಾಸಿನ ಅನಿಲಮೋಡಗಳು ಇನ್ನೂ ಕ್ಷ-ಕಿರಣಗಳಲ್ಲಿ ಮಿನುಗುತ್ತಿವೆ. ಹಿಂದೊಮ್ಮೆ, ಹತ್ತಿರ ಬಂದದ್ದನ್ನು ನುಂಗುವ ಭರದಲ್ಲಿ, ಅದು ಭುಗಿಲೆದ್ದಿತ್ತು. ಆಗ ನೇರವಾಗಿ ಹೊರಟ ಬೆಳಕು ನಮ್ಮನ್ನು ದಾಟಿ ಎಷ್ಟೋ ಕಾಲವಾಯಿತು. ಮೋಡಕ್ಕೆ ಬಡಿದು ಸುತ್ತುಬಳಸಿ ಬಂದದ್ದು ಈಗ ತಲುಪುತ್ತಿದೆ. ಬೆಳಕಿನ ಈ ಮಾರ್ದನಿಯಿಂದಲೇ ವಿಜ್ಞಾನಿಗಳು ಎಂದೋ ಆರಿಹೋದ ಆರ್ಭಟವನ್ನು ಗುರುತಿಸುತ್ತಾರಂತೆ.

ಇದನ್ನು ಪತ್ರಿಕೆಯೊಂದರಲ್ಲಿ ಓದಿ ಒಬ್ಬಳೇ ನಕ್ಕುಬಿಟ್ಟೆ. ಆ ಮೋಡ ನಾನೇ. ಗಾತ್ರದಲ್ಲಿಯೂ ಅಂಥ ವ್ಯತ್ಯಾಸವೇನಿಲ್ಲ. ಮಾವನವರ ಯೌವನದ ಸಿಟ್ಟು ಅತ್ತೆಯವರಿಗೆ ಬಡಿದು, ಅವರಿಂದ ನನಗೆ ದಾಟಿ, ನನ್ನಿಂದ ಮೈದುನನ ಹೆಂಡತಿ ಸ್ನೇಹಲಳವರೆಗೆ ಬಂದಿದೆ. ಮೊನ್ನೆ ಮೊನ್ನೆ ಬುಧಗಾಂವದಿಂದ ಮದುವೆಯಾಗಿ ಬಂದ ಆ ಹುಡುಗಿಯೂ, "ಆವಾಜ ಕಮ್ಮಿ ಮಾಡ್ರಿ, ಬಂದ್ರು" ಎನ್ನುತ್ತಾಳೆ. ಯಾಕೆಂದು ಕೇಳಿದರೆ ಅವಳಿಗೂ ಗೊತ್ತಿಲ್ಲ.

ಕಳೆದ ವಾರದವರೆಗೂ ನನಗೆ ಇದೊಂದು ತಮಾಷೆಯೇ ಆಗಿತ್ತು. ಆ ವಾರ ಒಂದು ಸಂಜೆ ಶಾಲೆಯಿಂದ ಬಂದರೆ, ಮಾವನವರು ಚಪ್ಪಲಿ ಕಳಚಿ ಕೈಯಲ್ಲಿ ಹಿಡಿದು, ಬಾಗಿಲ ಹೊರಗೆ ಗೋಡೆಗೊರಗಿ ನಿಂತಿದ್ದರು. ಒಳಗೆ ಅತ್ತೆಯವರು ಸ್ನೇಹಲಳಿಗೆ ಹಳೆಯ ಕಥೆಯೊಂದನ್ನು ಹೇಳುತ್ತಿದ್ದರು: ತಾವು ಮಾಡಿದ ಭಡಂಗಿನಲ್ಲಿ ಶೇಂಗಾ ಕಡಿಮೆಯಾಯಿತೆಂದು ಮಾವನವರು ತುಂಬಿದ ಪಾತೇಲಿಯನ್ನೇ ಅಂಗಳಕ್ಕೆ ಬೀಸಿ ಒಗೆದದ್ದು, ಆ ಖಾರದ ಚುರುಮುರಿಯೆಲ್ಲ ಬಾವಿಕಟ್ಟೆಯ ತನಕ ಹಾರಿದ್ದು. ಇಬ್ಬರೂ ಬಿದ್ದು ಬಿದ್ದು ನಗುತ್ತಿದ್ದರು.

"ಯಾಕ್ರೀ ಮಾವಾರ, ಹೊರಗ ನಿಂತೀರಿ?" ಎಂದೆ.

"ನಾ ಒಳಗ ಹೋದ್ನಂದ್ರ ನಗೂದು ನಿಂತಬಿಡತೈತೆವಾ," ಎಂದರು ಮೆಲ್ಲಗೆ. "ಇನ್ನಷ್ಟು ಹೊತ್ತು ಕೇಳತೀನಿ."

ತಮ್ಮದೇ ಮನೆಯ ನಗುವನ್ನು ಈ ಮನುಷ್ಯ ಕದ್ದು ಕೇಳುವಂತೆ ಮಾಡಿದವರಲ್ಲಿ ನಾನೂ ಒಬ್ಬಳು. ಅವರ ಕೈಯಿಂದ ಚಪ್ಪಲಿ ತೆಗೆದುಕೊಂಡು ಕೆಳಗಿಟ್ಟು, ಬಾಗಿಲು ದೂಡಿದೆ. ನಗು ತಟ್ಟನೆ ನಿಂತಿತು. ಸ್ನೇಹಲ ಎದ್ದು ನಿಂತಳು.

"ಕುಂದರವಾ, ಮುಂದಿಂದು ನಾ ಹೇಳತೀನಿ," ಎಂದರು ಮಾವನವರು. "ಅವತ್ತ ಇವರೆಲ್ಲಾ ಒಳಗ ಹೋಗಿ ಬಾಗಲಾ ಹಾಕ್ಕೊಂಡ್ರು. ನಾ ಒಬ್ಬನ ಅಂಗಳದಾಗ ಕುಂತು, ಬಿದ್ದದ್ದನ್ನ ಆರಿಸಿ ಆರಿಸಿ ತಿಂದ್ನಿ. ಭಾಳ ಚಲೋ ಆಗಿತ್ತು."

ಅತ್ತೆಯವರು ಅವರ ಮುಖವನ್ನೇ ನೋಡಿದರು. "ಅವತ್ತ ಹೇಳಲಿಲ್ಲಲ್ಲಾ?"

"ಬಾಗಲಾ ಹಾಕಿತ್ತಲಾ."

ಅತ್ತೆಯವರು ಮೊದಲು ಕಣ್ಣೊರೆಸಿಕೊಂಡರು, ಆಮೇಲೆ ನಕ್ಕರು. ನಗುತ್ತಲೇ ಚಾಪೆಯ ಮೇಲೆ ಒಂದಿಷ್ಟು ಸರಿದು, ತಮ್ಮ ಪಕ್ಕದಲ್ಲಿ ಅವರಿಗೆ ಜಾಗ ಮಾಡಿದರು.