ಪೇಷಂಟ್ ಮೇಡಂ

ತರಬೇತಿ ಕೇಂದ್ರದ ಹಿಂಭಾಗದ ಕೋಣೆಯಲ್ಲಿ ಮೂರು ಕಬ್ಬಿಣದ ಮಂಚಗಳಿದ್ದವು. ಎರಡರ ಮೇಲೆ ಹುಡುಗಿಯರು ಚೀಲ, ಛತ್ರಿ, ಊಟದ ಡಬ್ಬಿ ಇಡುತ್ತಿದ್ದರು. ಕಿಟಕಿ ಪಕ್ಕದ ಮೂರನೆಯದರ ಮೇಲೆ ಮೇಡಂ ಮಲಗುತ್ತಿದ್ದರು.

ಮಲಗುವುದೇ ಅವರ ಕೆಲಸದ ಅರ್ಧ ಭಾಗ. ಹಾಸಿಗೆ ಹಿಡಿದವರನ್ನು ನೋಡಿಕೊಳ್ಳುವುದು ಹೇಗೆಂದು ಕಲಿಸುವ ಸರ್ಕಾರಿ ಕೋರ್ಸು ಅದು. ಮೈ ಒರೆಸುವುದು, ಹುಣ್ಣಾಗದಂತೆ ಎರಡೆರಡು ಗಂಟೆಗೆ ಮಗ್ಗುಲು ಬದಲಿಸುವುದು, ರೋಗಿಯನ್ನು ಏಳಿಸದೆ ಅವರ ಕೆಳಗಿನ ಬಟ್ಟೆ ಬದಲಾಯಿಸುವುದು, ಇಂಥವು. ಕಲಿಯಲೆಂದು ಮನುಷ್ಯನಷ್ಟೇ ಉದ್ದದ, ಮನುಷ್ಯನಷ್ಟೇ ಭಾರದ ಒಂದು ಗೊಂಬೆ ಇತ್ತು. ಮೇಡಂ ಸೇರಿದ ಐದನೇ ವರ್ಷ ಅದರ ಸೊಂಟದ ಕೀಲು ಮುರಿಯಿತು. ರಿಪೇರಿಗೆ ಬರೆದರು. ಆ ವರ್ಷದ ಅನುದಾನದಲ್ಲಿ ರಿಪೇರಿ ಎಂಬ ಬಾಬ್ತೇ ಇರಲಿಲ್ಲ. ಮರುವರ್ಷ ಬಾಬ್ತು ಸೇರಿತು, ಹಣ ಬರುವಷ್ಟರಲ್ಲಿ ವರ್ಷ ಮುಗಿದಿತ್ತು. ಗೊಂಬೆ ಬೀರುವಿನ ಮೇಲೆ ಹೋಯಿತು, ಮೇಡಂ ಮಂಚದ ಮೇಲೆ ಬಂದರು. ಹುಡುಗಿಯರಲ್ಲೇ ಒಬ್ಬಳನ್ನು ಮಲಗಿಸಿ ನೋಡಿದ್ದರು. ಕಚಗುಳಿ, ನಗು, ಅರ್ಧ ಗಂಟೆ ಹಾಳು. ಮಲಗಿದವಳ ಸರದಿಯೂ ತಪ್ಪುತ್ತಿತ್ತು. ಹೀಗೆ ಅವರು ಪೇಷಂಟ್ ಮೇಡಂ ಆದರು, ಹನ್ನೆರಡು ವರ್ಷ ಹಾಗೇ ಉಳಿದರು.

ಗಡಿಯಾರ ರಿಪೇರಿ ಮಾಡುವ ಅವರ ಗಂಡನಿಗೆ ಇದು ಮುಗಿಯದ ತಮಾಷೆ.

"ಹಗಲೊತ್ತು ಮಲಗಿದ್ದಕ್ಕೆ ಸಂಬಳ ಕೊಡೋ ಇಲಾಖೆ ಇನ್ನೆಲ್ಲಾದ್ರೂ ಇದ್ಯೇನೇ? ನಂಗೂ ಒಂದು ಮಂಚ ಕೊಡಿಸು."

"ಕೊಡಿಸ್ತೀನಿ. ದಿನಕ್ಕೆ ಹತ್ತು ಜನ ಬಂದು ಹೊರಳಿಸ್ತಾರೆ, ತಣ್ಣೀರಲ್ಲಿ ಬೆನ್ನು ಒರೆಸ್ತಾರೆ, ಬಾಯಿ ಮುಚ್ಕೊಂಡಿರಬೇಕು. ನಿಮ್ಮ ಕೈಲಿ ಮೊದಲೆರಡು ಆಗ್ಬಹುದು, ಮೂರನೇದು ಆಗೋ ಮಾತಲ್ಲ."

ಹದಿನೇಳು ವರ್ಷಗಳಲ್ಲಿ ಮೇಡಂ ಹದಿನಾರು ಸಲ ಕೆಲಸಕ್ಕೆ ಸೇರಿದ್ದರು. ವರ್ಷದ ಕೊನೆಗೆ ಕೋಣೆಯ ಕೀಲಿಕೈ ಒಪ್ಪಿಸಿ ಬಿಡುಗಡೆ ಪತ್ರಕ್ಕೆ ಸಹಿ ಹಾಕುವುದು, ಮುಂದಿನ ಅನುದಾನ ಮಂಜೂರಾಗುವವರೆಗೆ ಕಾಯುವುದು. ಒಮ್ಮೆ ಎರಡು ತಿಂಗಳು, ಒಮ್ಮೆ ಆರು. ಒಂದು ವರ್ಷ ಬರಲೇ ಇಲ್ಲ. ಆ ವರ್ಷ ಅವರು ಅಂಗಿ ಹೊಲಿಯುವ ಕಾರ್ಖಾನೆಯಲ್ಲಿ ನೂಲು ಕತ್ತರಿಸಿದರು. ಹಣ ತಡವಾಗಿ ಬಂದರೂ ವರ್ಷದೊಳಗೇ ಖರ್ಚಾಗಬೇಕು. ಹಾಗಾಗಿ ಆರು ತಿಂಗಳ ಕೋರ್ಸು ನಾಲ್ಕಕ್ಕೆ ಇಳಿಯಿತು, ಆಮೇಲೆ ಹದಿನಾಲ್ಕು ವಾರಕ್ಕೆ. ಪಾಠಪಟ್ಟಿಯಲ್ಲಿ ಮಾತ್ರ ಒಂದು ಸಾಲೂ ಕಡಿಮೆಯಾಗಲಿಲ್ಲ.

ಒಂದು ಮಂಚ, ಹತ್ತು ಹುಡುಗಿಯರು. ಒಬ್ಬೊಬ್ಬಳಿಗೆ ವಾರಕ್ಕೆ ಎರಡು ಸರದಿ ಸಿಕ್ಕರೆ ಹೆಚ್ಚು. ಮೊದಮೊದಲು ಯಾರಿಗೂ ಬರುತ್ತಿರಲಿಲ್ಲ. ರೋಗಿಯ ಆಚೆಯ ಕೈಯನ್ನು ಎದೆಯ ಮೇಲಿಡಬೇಕು, ಆಚೆಯ ಮಂಡಿ ಮಡಚಬೇಕು, ಭುಜ ಸೊಂಟ ಎರಡನ್ನೂ ಹಿಡಿದು ತನ್ನ ಕಡೆಗೆ ಹೊರಳಿಸಬೇಕು. ಹುಡುಗಿ ಬೆವರುವಳು, ಹಿಂದೆ ನಿಂತವರು ಗೋಡೆ ಗಡಿಯಾರ ನೋಡುವರು. ಆಗ ಹೊದಿಕೆಯೊಳಗೆ ಮೇಡಂ ಹಿಮ್ಮಡಿಯಿಂದ ಹಾಸಿಗೆಯನ್ನು ತುಸು ಒತ್ತುತ್ತಿದ್ದರು. ಮಂಡಿ ತಾನಾಗಿ ಏಳುತ್ತಿತ್ತು. ಹೂವಿನ ಹಾಗೆ ಹೊರಳುತ್ತಿದ್ದರು.

"ಬಂತು ಮೇಡಂ!"

"ಬಂತಲ್ಲ? ಅಷ್ಟೇ. ಮುಂದಿನವರು ಬನ್ನಿ."

ಆ ವರ್ಷದ ಹತ್ತು ಜನರಲ್ಲಿ ಎಲ್ಲರಿಗಿಂತ ಚುರುಕಾದವಳು ಬೇಕರಿ ಅಕ್ಕ. ಒಂಬತ್ತು ವರ್ಷ ಬೇಕರಿಯಲ್ಲಿ ಹಿಟ್ಟು ನಾದಿ, ಆ ಕೆಲಸ ಬಿಟ್ಟು ಬಂದಿದ್ದಳು. ಎರಡು ಮಕ್ಕಳ ತಾಯಿ. ಪ್ರಮಾಣಪತ್ರ ತಂದರೆ ತೆಗೆದುಕೊಳ್ಳುವುದಾಗಿ ಒಂದು ನರ್ಸಿಂಗ್ ಹೋಮಿನವರು ಹೇಳಿದ್ದರು.

ಆ ವರ್ಷವೇ ಹೊಸ ಸುತ್ತೋಲೆ ಬಂತು. ಆಫೀಸಿನ ಗುಮಾಸ್ತರು ಅದನ್ನು ಮದುವೆ ಕಾಗದ ಓದುವ ಹಾಗೆ ಓದಿದರು. ಹೊರಗಿನಿಂದ ಪರೀಕ್ಷಕರು ಬರುತ್ತಾರೆ. ಹತ್ತರಲ್ಲಿ ಎಂಟು ಮಂದಿ ಪಾಸಾದ ಕೇಂದ್ರಕ್ಕೆ ಮೂರು ವರ್ಷದ ಅನುದಾನ ಒಟ್ಟಿಗೆ. ಆಗದ ಕಡೆ ಕೋರ್ಸು ಬಂದ್.

"ಮೂರು ವರ್ಷ ಮೇಡಂ. ಮಧ್ಯೆ ಬಿಡುಗಡೆ ಪತ್ರ ಇಲ್ಲ, ಕೀಲಿಕೈ ಕೊಡೋದಿಲ್ಲ."

"ಆರು ತಿಂಗಳ ಕೋರ್ಸು ಆರು ತಿಂಗಳೇ ನಡೆಯತ್ತಾ?"

"ನಡೆಯತ್ತೆ."

"ಗೊಂಬೆ?"

"ಗೊಂಬೆಗೂ ಬರೆಯೋಣ. ಮೊದಲು ಎಂಟು ಜನ ಪಾಸಾಗ್ಲಿ."

ಎಂಟು ಏನು ಮಹಾ, ಎಂದುಕೊಂಡರು ಮೇಡಂ. ಹಿಂದಿನ ವರ್ಷಗಳಲ್ಲಿ ಒಂಬತ್ತಕ್ಕೆ ಕಡಿಮೆ ಆದದ್ದೇ ಇರಲಿಲ್ಲ. ಆಗೆಲ್ಲ ಪರೀಕ್ಷೆಯ ದಿನವೂ ಮಂಚದ ಮೇಲೆ ಮಲಗುತ್ತಿದ್ದವರು ಅವರೇ.

ಪರೀಕ್ಷಕಿ ದೊಡ್ಡ ಆಸ್ಪತ್ರೆಯೊಂದರಲ್ಲಿ ಮೂವತ್ತು ವರ್ಷ ದುಡಿದವರು. ಮೆತ್ತಗಿನ ದನಿ, ಕುತ್ತಿಗೆಗೆ ತೂಗುಬಿಟ್ಟ ಕನ್ನಡಕ. "ರೋಗಿ ಯಾರು?" ಎಂದರು. ಹತ್ತೂ ಮುಖಗಳು ಮೇಡಂ ಕಡೆ ತಿರುಗಿದವು. ಮೇಡಂ ಆಗಲೇ ಚಪ್ಪಲಿ ಬಿಟ್ಟಾಗಿತ್ತು.

"ನೀವು ಬೇಡ. ಕಲಿಸಿದವರೇ ಮಲಗೋದು ಸರಿಯಲ್ಲ. ಬೇರೆ ಯಾರಾದ್ರೂ?"

ಬಾಗಿಲಲ್ಲಿದ್ದ ಕಾವಲುಗಾರನನ್ನು ಕರೆದರು. ದಪ್ಪನೆಯ ಆಳು, ನಾಚಿಕೆಯಿಂದ ಕಿವಿಯವರೆಗೂ ಕೆಂಪಾದ.

"ಅಮ್ಮಾ, ಡ್ಯೂಟಿ ಟೈಮಲ್ಲಿ ಮಲಗಿದ್ದ ಅಂತ ಯಾರಾದ್ರೂ ಬರೆದುಬಿಟ್ಟಾರು."

"ಇವತ್ತು ಮಲಗೋದೇ ಡ್ಯೂಟಿ. ನಿಮಗೆ ಲಕ್ವ ಹೊಡೆದಿದೆ. ಪೂರ್ತಿ ಮೈ ಬಿಟ್ಟುಬಿಡಿ."

ಹುಡುಗಿಯರು ನಕ್ಕರು. ಮೇಡಂ ಕೂಡ ನಕ್ಕರು.

ಮೊದಲ ಸರದಿ ಬೇಕರಿ ಅಕ್ಕನದು. ಕೈ ತೊಳೆದಳು. ಏನು ಮಾಡುತ್ತೇನೆಂದು ರೋಗಿಗೆ ಹೇಳಿದಳು. ಅವನ ಕೈಯನ್ನು ಎದೆಯ ಮೇಲಿಟ್ಟಳು. ಮಂಡಿಯ ಕೆಳಗೆ ಕೈ ಹಾಕಿದಳು, ಹಾಕಿ, ನಿಂತಳು. ಒಂದು ಗಳಿಗೆ, ಬಾಗಿಲು ಬಡಿದು ಒಳಗಿನವರು ತೆಗೆಯಲಿ ಎಂದು ನಿಲ್ಲುವ ಹಾಗೆ. ಮಂಡಿ ಏಳಲಿಲ್ಲ. ತಾನೇ ಎತ್ತಿದಳು, ಅದು ಜಾರಿ ಮತ್ತೆ ನೆಟ್ಟಗಾಯಿತು. ಭುಜ ಹಿಡಿದು ಎಳೆದಳು. ಅಂಗಿಯ ಗುಂಡಿ ಕಿತ್ತು ನೆಲಕ್ಕೆ ಬಿತ್ತು.

"ಅಯ್ಯೋ, ನಿಧಾನ ತಾಯಿ," ಎಂದು ಕಾವಲುಗಾರ ಕನಿಕರಪಟ್ಟು ಮೈ ಎತ್ತಹೋದ.

"ಸಹಾಯ ಮಾಡ್ಬೇಡಿ," ಎಂದರು ಪರೀಕ್ಷಕಿ. "ಲಕ್ವ ಹೊಡೆದವರು ಸಹಾಯ ಮಾಡಲ್ಲ."

ಗೋಡೆಗೆ ಒರಗಿ ನಿಂತಿದ್ದ ಮೇಡಂ ಆಗ ತಮ್ಮ ಕಾಲನ್ನು ನೋಡಿಕೊಂಡರು. ಬಲ ಹಿಮ್ಮಡಿ ನೆಲವನ್ನು ಒತ್ತಿತ್ತು. ಮಂಡಿ ಮಡಚಿಕೊಂಡಿತ್ತು. ಹನ್ನೆರಡು ವರ್ಷದಿಂದ ಏನು ಮಾಡುತ್ತ ಬಂದಿದ್ದೇನೆಂದು ಅವರಿಗೆ ತಿಳಿದದ್ದು ಆಗಲೇ. ಈ ಕೋಣೆಯಿಂದ ಹೋದ ಹುಡುಗಿಯರೆಲ್ಲ ಮೊದಲ ದಿನ ಯಾವುದೋ ಮನೆಯಲ್ಲಿ, ಯಾರದೋ ಭಾರದ ಎದುರು, ಹೀಗೇ ನಿಂತಿರಬೇಕು.

ಹತ್ತೂ ಮಂದಿ ಒಂದೇ ಜಾಗದಲ್ಲಿ ನಿಂತರು. ಆರನೆಯವಳ ಹೊತ್ತಿಗೆ ಯಾರೂ ನಗುತ್ತಿರಲಿಲ್ಲ. ನಾಲ್ವರು ಹೇಗೋ ತಿಣುಕಾಡಿ ಹೊರಳಿಸಿದರು. ಬೇಕರಿ ಅಕ್ಕ ಆ ನಾಲ್ವರಲ್ಲಿ ಇರಲಿಲ್ಲ.

ಪರೀಕ್ಷಕಿ ಮೇಡಂ ಅವರನ್ನು ಕಿಟಕಿಯ ಬಳಿಗೆ ಕರೆದರು. "ಪಾಠ ಬಾಯಿಗೆ ಬಂದಿದೆ. ಒಂದು ಹಂತವೂ ತಪ್ಪಿಲ್ಲ. ಆದ್ರೆ ಎಲ್ಲರೂ ಅಲ್ಲೇ ಯಾಕೆ ನಿಲ್ತಾರೆ?"

ಗೊಂಬೆಯ ಕತೆ ಹೇಳಬಹುದಿತ್ತು. ತಡವಾಗಿ ಬರುವ ಹಣದ ಕತೆ ಹೇಳಬಹುದಿತ್ತು.

"ನಾನೇ ಹಾಗೆ ಕಲಿಸಿದೆ," ಎಂದರು ಮೇಡಂ.

"ಎಷ್ಟು ವಾರ ಕಲಿಸಿದ್ರಿ?"

"ಕಾಗದದಲ್ಲಿ ಇಪ್ಪತ್ತಾರು. ಸಿಕ್ಕಿದ್ದು ಹದಿನಾಲ್ಕು."

ಪೆನ್ನು ನಿಂತಿತು. ಪರೀಕ್ಷಕಿ ಬೀರುವಿನ ಮೇಲೆ ಬಟ್ಟೆ ಹೊದ್ದು ಮಲಗಿದ್ದ ಗೊಂಬೆಯನ್ನೂ, ಕೈಯಲ್ಲಿದ್ದ ನಮೂನೆಯನ್ನೂ ನೋಡಿದರು. ಎಷ್ಟು ವಾರ ಎಂದು ಬರೆಯಲು ಅದರಲ್ಲಿ ಜಾಗ ಇರಲಿಲ್ಲ. ಎಷ್ಟು ಮಂದಿ ಎಂಬಲ್ಲಿ ನಾಲ್ಕು ಎಂದು ಬರೆದರು.

ಕೋರ್ಸು ಬಂದ್ ಮಾಡುವ ಆದೇಶ ಮಾತ್ರ ತಡವಾಗಲಿಲ್ಲ. ಹನ್ನೊಂದನೇ ದಿನ ಬಂತು. ಕೀಲಿಕೈ ಒಪ್ಪಿಸಬೇಕಾದ ದಿನ ಮೇಡಂ ದುಪ್ಪಟಿಗಳನ್ನು ಮಡಚಿ ಎಣಿಸುತ್ತಿದ್ದಾಗ ಬೇಕರಿ ಅಕ್ಕ ಬಂದಳು. ಬೇಕರಿಯಲ್ಲಿ ಅವಳ ಜಾಗಕ್ಕೆ ಬೇರೆಯವಳು ಬಂದಾಗಿತ್ತು.

"ಮೇಡಂ, ಒಂದ್ಸಲ ಮಲಗ್ತೀರಾ? ಪೂರ್ತಿ ಭಾರ ಬಿಡಿ. ನೋಡ್ಬಿಡ್ತೀನಿ."

"ಇನ್ನು ನೋಡಿ ಏನೇ ಮಾಡ್ತೀಯ?"

"ಸುಮ್ನೆ. ಗೊತ್ತಾಗ್ಲಿ ಅಂತ."

ಮೇಡಂ ಮಲಗಿದರು. ಕಣ್ಣು ಮುಚ್ಚಿ, ಉಸಿರು ಬಿಟ್ಟು, ತಾನೊಂದು ಮೂಟೆ ಎಂದುಕೊಂಡರು. ಒರಟು ಕೈ ಬಂದು ಮಂಡಿಗೆ ತಾಗಿತು.

"ಎತ್ಬಿಟ್ರಿ ಮೇಡಂ."

"ಇನ್ನೊಂದ್ಸಲ."

"ಮತ್ತೆ ಎತ್ತಿದ್ರಿ."

"ನಾನೆಲ್ಲೇ ಎತ್ತಿದೆ? ಅದೇ ಏಳತ್ತೆ. ಕಾಲು ಕಟ್ಟಿಹಾಕು ಬೇಕಾದ್ರೆ."

ಇಬ್ಬರೂ ನಕ್ಕರು. ಮೂರನೆಯ ಸಲವೂ ಎದ್ದಿತು. ನಾಲ್ಕನೆಯ ಸಲ ಬೇಕರಿ ಅಕ್ಕ ಕೈ ತೆಗೆದು ಪಕ್ಕದ ಮಂಚದ ಅಂಚಿನ ಮೇಲೆ ಕೂತಳು. ಚೀಲಗಳಿಲ್ಲದ ಆ ಮಂಚ ಅಗಲವಾಗಿ ಕಾಣುತ್ತಿತ್ತು.

ಕಾವಲುಗಾರ ಬೀಗ ಹಿಡಿದು ಬಾಗಿಲಿಗೆ ಬಂದ. ಅಂಗಿಯ ಹೊಸ ಗುಂಡಿಯನ್ನು ತಿರುವುತ್ತ ನಿಂತ.

"ಬಂದ್ವಿ ಕಣಪ್ಪ," ಎಂದರು ಮೇಡಂ.

ಬೇಕರಿ ಅಕ್ಕ ಎದ್ದು ಅವರ ಭುಜದ ಕೆಳಗೆ ಕೈ ಕೊಟ್ಟು ಎಬ್ಬಿಸಿದಳು. ಸ್ವಲ್ಪವೂ ಕಷ್ಟವಾಗಲಿಲ್ಲ.