ಬಸ್ಸು ನಿಲ್ಲಿಸಿದ ಯುಗಾದಿ ಚಂದ್ರ

ಹಿರಿಯೂರಿನಿಂದ ಹೊಸದುರ್ಗಕ್ಕೆ ಹೊರಟಿದ್ದ ಬಸ್ಸನ್ನು ಡ್ರೈವರ್ ಹೂಬಿಟ್ಟ ಬೇವಿನ ಮರವೊಂದರ ಬಳಿ ನಿಲ್ಲಿಸಿದ. ಎಪ್ಪತ್ತರ ದಶಕದ ಒಂದು ಯುಗಾದಿಯ ಮರುದಿನದ ಸಂಜೆ. "ಇಳೀರಿ, ಚಂದ್ರನ್ನ ನೋಡಾಣ" ಎಂದ.

ಪಡುವಣದಲ್ಲಿ ಚಂದ್ರ ಕುಡುಗೋಲಿನಂತೆ ತೆಳ್ಳಗೆ ಕಂಡ. ಎಲ್ಲರೂ ಕೈಮುಗಿದೆವು. ಇನ್ನು ಹಿರಿಯರ ಕಾಲಿಗೆರಗಬೇಕು. ಬಸ್ಸಿನಲ್ಲಿ ಹಿರಿಯರು ಯಾರು?

ರುಮಾಲಿನ ಅಜ್ಜನೊಬ್ಬ ಎದೆಯುಬ್ಬಿಸಿ ಮುಂದೆ ಬಂದ. "ನಾನೇ ಕಣ್ರಪ್ಪ. ಮಾರಿಕಣಿವೆ ಡ್ಯಾಮು ಮುಗಿದ ವರ್ಷ ಹುಟ್ಟಿದೋನು."

ಡ್ರೈವರ್ ಅವನ ಕಾಲಿಗೆ ಬಗ್ಗುವಷ್ಟರಲ್ಲಿ, ಕಂಬಳಿ ಹೊದ್ದ ಕುರಿಗಾಹಿ ಅಜ್ಜಿಯೊಬ್ಬಳು ನಿಧಾನವಾಗಿ ಬಸ್ಸಿನಿಂದ ಇಳಿದಳು. "ಆ ಡ್ಯಾಮಿಗೆ ಮಣ್ಣು ಹೊತ್ತೋಳು ನಾನು" ಎಂದಳು.

ಅಜ್ಜ ರುಮಾಲು ತೆಗೆದು ನನ್ನ ಕೈಗಿತ್ತು, ಎಲ್ಲರಿಗಿಂತ ಮೊದಲು ಅವಳ ಕಾಲಿಗೆ ಬಗ್ಗಿದ. ಅವಳು ಅವನ ನರೆತ ತಲೆಯ ಮೇಲೆ ಕೈಯಿಟ್ಟಳು.

"ದೊಡ್ಡೋನಾಗು ಮಗ."